ಸಿರುಗುಪ್ಪ ಸ್ಟ್ಯಾಂಡಿನ ದಿನದ ಜಗಳ

…ಅಥವಾ ಆ ಹೋಟೆಲು ಕಾಲುವೆಯ ಆಚೆ ದಂಡೆಗಿತ್ತೋ ಏನೋ. ಇಷ್ಟು ವರ್ಷ ಈಚೆ ಎಂದೇ ನಂಬಿದ್ದೆ. ಈಚೆಗೊಮ್ಮೆ ಆ ದಾರಿಯಲ್ಲಿ ಹೋದಾಗ ಇಳಿದು ನೋಡಿದೆ. ಈಚೆ ದಂಡೆಯಲ್ಲಿ ಇರುವುದು ಬರೀ ಬಂಡೆ. ಹೋಟೆಲು ಎದ್ದು ಹೋಗಬಹುದು, ಆದರೆ ಬಂಡೆ ಎಲ್ಲಿಂದಲೋ ಬಂದು ಅದರ ಜಾಗದಲ್ಲಿ ಕೂತುಕೊಳ್ಳುವುದಿಲ್ಲ. ಅಂದರೆ ನನ್ನ ತಲೆಯೊಳಗಿನ ಕಾಲುವೆ ತಪ್ಪು ದಿಕ್ಕಿಗೆ ಹರಿಯುತ್ತಿದೆ. ಕಾಲುವೆಯಂಥ ಕಾಲುವೆಯನ್ನೇ ತಿರುಗಿಸಿಟ್ಟ ತಲೆ, ಮನುಷ್ಯರ ಮಾತುಗಳನ್ನು ಎಷ್ಟು ತಿರುಗಿಸಿರಬಹುದು? ಮುಂದೆ ಬರುವುದರಲ್ಲಿ ಅರ್ಧ ನಂಬಿದರೆ ಸಾಕು. ಯಾವ ಅರ್ಧ ಎಂದು ಕೇಳಬೇಡಿ.

ಗಟ್ಟಿಯಾಗಿ ಹೇಳಬಹುದಾದ್ದು ಇಷ್ಟು. ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಎರಡು ಖಾಸಗಿ ಬಸ್ಸುಗಳು ಓಡುತ್ತಿದ್ದವು. ಎರಡಕ್ಕೂ ಬೇರೆ ಬೇರೆ ಮಾಲಕರು. ಒಂದು ಬಸ್ಸಿಗೆ ನಾನು ಕಂಡಕ್ಟರು. ನಮ್ಮದಕ್ಕೆ ಹಸಿರು ಪಟ್ಟಿ, ಅವರದಕ್ಕೆ ನೀಲಿ ಎಂದು ಇಟ್ಟುಕೊಳ್ಳೋಣ. ಧೂಳು ಕೂತ ಮೇಲೆ ಎರಡೂ ಒಂದೇ ಬಣ್ಣವಾಗುತ್ತಿದ್ದವು, ಆದರೆ ಹೇಳಲು ಒಂದು ಗುರುತು ಬೇಕಲ್ಲ.

ನಮ್ಮ ಮಾಲಕನನ್ನು ನಾವು ಧಣಿ ಎನ್ನುತ್ತಿದ್ದೆವು. ನೀಲಿ ಬಸ್ಸಿನ ಮಾಲಕನನ್ನು ಅವನ ಕಡೆಯವರು ಸಾಹುಕಾರ ಎನ್ನುತ್ತಿದ್ದರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ದ್ವೇಷದ ಮೂಲ ಬಸ್ಸಿನ ಪರ್ಮಿಟ್ಟು ಎಂದು ಕೆಲವರು ಹೇಳಿದರೆ, ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರಿಗೆ ಮೊದಲು ತುಪ್ಪ ಬಡಿಸಿ ಇನ್ನೊಬ್ಬರಿಗೆ ಆಮೇಲೆ ಬಡಿಸಿದ್ದು ಎಂದು ಉಳಿದವರು ಹೇಳುತ್ತಿದ್ದರು. ನನಗೆ ತುಪ್ಪದ ಕಾರಣವೇ ಹೆಚ್ಚು ನಂಬಿಕೆಯದು ಅನ್ನಿಸುತ್ತದೆ. ಏನೇ ಇರಲಿ, ಎರಡು ಬಸ್ಸುಗಳು ಬಳ್ಳಾರಿ ಬಿಡುವ ವೇಳೆಗಳ ನಡುವೆ ಒಂದು ಬೀಡಿ ಸೇದುವಷ್ಟೇ ಅಂತರ. ಹಿಂದಿನ ಬಸ್ಸು ಮುಂದಿನದನ್ನು ದಾಟಬೇಕು, ಮುಂದಿನದು ದಾಟಗೊಡಬಾರದು, ಕುರುಗೋಡಿನಲ್ಲಿ ಕಾಯುವ ಜನರನ್ನೆಲ್ಲ ಮೊದಲು ಹೋದವರು ಬಾಚಿಕೊಳ್ಳಬೇಕು. ಎರಡು ಮನೆಯಿಂದಲೂ ಡ್ರೈವರುಗಳಿಗೆ ಇದೇ ಅಪ್ಪಣೆ.

ನಮ್ಮ ಡ್ರೈವರು ಕುರುಗೋಡಿನವನು. ಎಲ್ಲರೂ ಅವನನ್ನು ಗೌಡ ಎನ್ನುತ್ತಿದ್ದರು. ಅವನ ಮನೆತನಕ್ಕೂ ಗೌಡಿಕೆಗೂ ಸಂಬಂಧವಿರಲಿಲ್ಲ. ಹೆಸರು ಬಂದದ್ದು ಮೀಸೆಯಿಂದ. ನೀಲಿ ಬಸ್ಸಿನ ಡ್ರೈವರು ಬಳ್ಳಾರಿಯ ಕೌಲ್ ಬಜಾರಿನವನು, ವಯಸ್ಸಿನಲ್ಲಿ ಸ್ವಲ್ಪ ಹಿರಿಯ. ಮೀಸೆ ಬೋಳಿಸಿ ಗಡ್ಡ ಬಿಟ್ಟಿದ್ದ. ಅವನು ಎಲ್ಲರಿಗೂ ಚಾಚಾ.

ಇಬ್ಬರೂ ನಾನು ಕೆಲಸಕ್ಕೆ ಸೇರುವ ಮೊದಲು ನಿಜವಾಗಿಯೇ ಪೈಪೋಟಿ ನಡೆಸುತ್ತಿದ್ದರಂತೆ. ಒಂದು ದಿನ ಕುರುಗೋಡು ದಾಟಿದ ಮೇಲೆ ಸಿಗುವ ಕಾಲುವೆಯ ಸೇತುವೆಗೆ ಎರಡೂ ಬಸ್ಸು ಒಟ್ಟಿಗೇ ನುಗ್ಗಿದವು. ಸೇತುವೆ ಒಂದು ಬಸ್ಸಿನ ಅಗಲ, ಮೇಲೆ ಸ್ವಲ್ಪ. ಸೇತುವೆಯ ಬಾಯಲ್ಲೇ ಎರಡೂ ಪಕ್ಕಪಕ್ಕದಲ್ಲಿ ಸಿಕ್ಕಿಕೊಂಡವು. ಬಾಗಿಲು ತೆರೆಯುವಂತಿಲ್ಲ. ಜನ ಹಿಂದಿನ ಕಿಟಕಿಯಿಂದ ಇಳಿದು ಬೈಯುತ್ತ ನಡೆದು ಹೋದರು. ಎತ್ತು ಕಟ್ಟಿ ಎಳೆಯುವವರು ಬರುವ ತನಕ ಗೌಡ ಮತ್ತು ಚಾಚಾ ತಮ್ಮ ತಮ್ಮ ಸೀಟಿನಲ್ಲೇ ಬಂದಿ, ಎರಡು ಬಸ್ಸುಗಳ ನಡುವೆ ಒಂದು ಗೇಣು. ಎಷ್ಟು ಹೊತ್ತು ಮುಖ ತಿರುಗಿಸಿಕೊಂಡು ಕೂಡಬಹುದು? ಚಾಚಾ ಬೀಡಿ ಹಚ್ಚಿದ. ಗೌಡನ ಬೀಡಿ ತೀರಿತ್ತು. ಕಿಟಕಿಯಿಂದ ಕಿಟಕಿಗೆ ಒಂದು ಬೀಡಿ ಬಂತು. ಇದನ್ನು ನಾನು ಕಣ್ಣಾರೆ ಕಂಡವನಲ್ಲ. ಗೌಡ ಹೇಳುವಾಗ ಬೀಡಿ ಕೊಟ್ಟವನು ಚಾಚಾ, ಚಾಚಾ ಹೇಳುವಾಗ ಕೊಟ್ಟವನು ಗೌಡ. ಬೀಡಿಯಂತೂ ದಾಟಿತು.

ಆ ಬೀಡಿಯ ಮೇಲೆ ಕರಾರಾಯಿತು. ಒಂದು ದಿನ ಹಸಿರು ಮುಂದೆ, ಮರುದಿನ ನೀಲಿ ಮುಂದೆ. ಹಿಂದಿನವನು ಬೇಕೆಂದೇ ನಿಧಾನ. ಹೀಗೆ ಸರದಿ. ತಿರುಗಿ ಬರುವಾಗ ಇಬ್ಬರೂ ಕಾಲುವೆ ಪಕ್ಕದ ಹೋಟೆಲಿನಲ್ಲಿ ಕೂಡಿ ಚಹಾ. ಯಾರಿಗೂ ನಷ್ಟವಿಲ್ಲ, ಜನ ಸುಖವಾಗಿ ಊರು ಮುಟ್ಟುತ್ತಾರೆ.

ಆದರೆ ಸಿರುಗುಪ್ಪ ಸ್ಟ್ಯಾಂಡಿನಲ್ಲಿ ಇಬ್ಬರು ಮಾಲಕರದೂ ಒಬ್ಬೊಬ್ಬ ಏಜೆಂಟ್ ಇದ್ದ. ಬಸ್ಸುಗಳು ಇಷ್ಟು ಸಮಾಧಾನದಿಂದ ಬಂದು ನಿಂತರೆ ಅವರಿಗೆ ಅನುಮಾನ ಬರುತ್ತದೆ. ಅದಕ್ಕೆಂದೇ ಜಗಳ. ದಿನಾ, ಸ್ಟ್ಯಾಂಡಿನ ನಡುವೆ, ಎಲ್ಲರ ಎದುರಿಗೆ.

ಜಗಳಕ್ಕೆ ನಿಯಮಗಳಿದ್ದವು. ಹಿಂದೆ ಬಂದವನು ಮೊದಲು ಬಯ್ಯಬೇಕು, ಯಾಕೆಂದರೆ ಜನರನ್ನು ಕಳೆದುಕೊಂಡವನು ಅವನು, ದೂರು ಹೇಳುವ ಹಕ್ಕು ಅವನದು. ತಾಯಿ, ತಂಗಿ, ಹೆಂಡತಿ, ಅಜ್ಜಿ ಯಾರೂ ಬರಬಾರದು. ದೇವರು, ಜಾತಿ ಬರಬಾರದು. ರೋಗ, ಸಾವು ಬರಬಾರದು. ಉಳಿದದ್ದು ಬಸ್ಸು, ಮೀಸೆ, ಗಡ್ಡ, ಹಾರನ್ನು, ಬ್ರೇಕು. ಇಷ್ಟರಲ್ಲೇ ವರ್ಷಗಟ್ಟಲೆ ಬಯ್ಯಬೇಕೆಂದರೆ ತಲೆ ಓಡಿಸಬೇಕು.

"ಏನಲೇ ಚಾಚಾ, ಇದು ಬಸ್ಸೋ, ಗಾಲಿ ಹಚ್ಚಿದ ಕೋಳಿ ಗೂಡೋ?"

"ಗೂಡಾದ್ರ ಮೊಟ್ಟೀನಾದ್ರೂ ಇಡ್ತೈತಿ. ನಿನ್ನದು ಬರೇ ಹೊಗಿ ಇಡ್ತೈತಿ!"

"ನೀ ಬ್ರೇಕ್ ಒತ್ತಿದ್ರ ಬಸ್ಸು ಪಂಚಾಂಗ ನೋಡಿ ನಿಂದರತೈತಿ!"

"ಆ ಮೀಸಿಗೆ ತಿಕ್ಕೋ ಎಣ್ಣಿ ಇಂಜಿನ್ನಿಗೆ ಹಾಕು ಗೌಡಾ, ಒಂದು ದಿಬ್ಬನಾದ್ರೂ ಏರೀತು!"

ಬೈಯುವಾಗಲೂ ಗೌಡ ಅವನನ್ನು ಚಾಚಾ ಎಂದೇ ಕರೆಯುತ್ತಿದ್ದ. ಹಿಂದೊಂದು 'ಲೇ', ಮುಂದೊಂದು 'ಚಾಚಾ'. ಜನಕ್ಕೆ ಅದು ವಿಚಿತ್ರ ಅನ್ನಿಸಲಿಲ್ಲ. ಅವರೂ ಪಕ್ಷ ಕಟ್ಟಿಕೊಂಡಿದ್ದರು. ಕುರುಗೋಡಿನಿಂದ ಬದನೆಕಾಯಿ ಬುಟ್ಟಿ ಹೊತ್ತು ಬರುವ ಹೆಂಗಸರು ಹಸಿರು ಕಡೆ. ಅಕ್ಕಿ ಗಿರಣಿಗೆ ಕೆಲಸಕ್ಕೆ ಬರುವವರು ನೀಲಿ ಕಡೆ. ಆಂಧ್ರದ ಗಡಿ ಕಡೆಯ ಊರಿನ ಒಬ್ಬ ಮುದುಕ, ಯಾವ ಬಸ್ಸಿಗೂ ಹತ್ತದೆ, ಬೇವಿನ ಮರದ ಕಟ್ಟೆಗೆ ಬಂದು ಕೂತಿರುತ್ತಿದ್ದ. ಒಂದು ದಿನ ಮಳೆ ಎಂದು ನಾವು ಜಗಳ ಬಿಟ್ಟೆವು. ಅವನು ಕೊಡೆ ಹಿಡಿದು ಬಸ್ಸಿನ ಹತ್ತಿರವೇ ಬಂದ: "ಏಮಯ್ಯಾ, ಈ ರೋಜು ತಿಟ್ಲು ಲೇವಾ?" ಇವತ್ತು ಬೈಗುಳ ಇಲ್ಲವೇ ಎಂದು ಕೇಳುತ್ತಿದ್ದ. ಅವನ ಮುಖ ನೋಡಲಾರದೆ ಚಾಚಾ ಮಳೆಯಲ್ಲೇ ಇಳಿದು ನಮ್ಮ ಹಾರನ್ನಿನ ಬಗ್ಗೆ ಎರಡು ಮಾತು ಆಡಿ ಹೋದ.

ಆಮೇಲೆ ಹೋಟೆಲು. ಅದನ್ನು ನಡೆಸುತ್ತಿದ್ದವಳನ್ನು ನಾವೆಲ್ಲ ಯಕ್ಕ ಎನ್ನುತ್ತಿದ್ದೆವು. ಬಸ್ಸುಗಳ ಸದ್ದು ಕೇಳುತ್ತಿದ್ದಂತೆ ಅವಳು ಒಂದು ದೊಡ್ಡ ತಾಟಿನಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆ ಹಾಕಿ, ಮೇಲೆ ಮಿರ್ಚಿ ಪೇರಿಸಿ, ಬೆಂಚಿನ ನಡುವೆ ಇಡುತ್ತಿದ್ದಳು. ಎರಡು ಬಸ್ಸಿನವರೂ ಅದೇ ತಾಟಿಗೆ ಕೈ.

"ಮೊಟ್ಟಿ ಮಾತು ಭಾರೀ ಇತ್ತು ಚಾಚಾ. ಎಲ್ಲಿಂದ ತಂದಿ?"

"ನಿನ್ನೆ ನಮ್ಮನ್ಯಾಕಿ ನನಗ ಬೈದ್ಲು. ಹಂಗ ಕಟಗೊಂಡು ಬಂದೆ."

"ಹಳೇದು ಬ್ಯಾಡ್ರಪಾ ಇನ್ನ," ಎಂದು ಯಕ್ಕ ಒಳಗಿನಿಂದ ಕೂಗುತ್ತಿದ್ದಳು. "ಪಂಚಾಂಗದ್ದು ಹೋದ ವಾರಾನೂ ಬೈದೀರಂತ. ನನ್ನ ತಂಗಿ ಸಂತಿಗೆ ಬಂದಿದ್ಲು, ಹೇಳಿದ್ಲು."

ಹೀಗೆ ನಡೆದಿತ್ತು. ಇದನ್ನು ನೌಕರರ ಒಗ್ಗಟ್ಟು ಎಂದೋ, ಮಾಲಕರಿಗೆ ಮಾಡಿದ ಮೋಸ ಎಂದೋ ಕರೆಯುವ ಆಸೆ ನನಗೂ ಆಗುತ್ತದೆ. ಆಗ ನಮಗೆ ಅದು ಎರಡೂ ಆಗಿರಲಿಲ್ಲ. ಬೆಳಗ್ಗೆ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವುವುದು ಹೇಗೋ ಮಧ್ಯಾಹ್ನ ಜಗಳವಾಡುವುದು ಹಾಗೆ.

ಧಣಿ ಕೆಟ್ಟವನಾಗಿದ್ದರೆ ಈ ಬರಹ ಸಲೀಸಾಗುತ್ತಿತ್ತು. ಅವನು ಕೆಟ್ಟವನಲ್ಲ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ಬಜಾರದಲ್ಲಿ ಅಲೆಯುತ್ತಿದ್ದ ನನ್ನನ್ನು ಕರೆದು ಕೆಲಸ ಕೊಟ್ಟವನು ಅವನು. ನನ್ನ ಅವ್ವ ಬಳ್ಳಾರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾ ಅವನ ಮನೆಯಿಂದ ಕ್ಯಾರಿಯರಿನಲ್ಲಿ ಊಟ ಬರುತ್ತಿತ್ತು. ಕ್ಯಾರಿಯರ್ ತಂದವನು ಏನೂ ಹೇಳದೆ ಇಟ್ಟು ಹೋಗುತ್ತಿದ್ದ, ಯಾರ ಮನೆಯದು ಎಂದು ಅವ್ವನಿಗೆ ಗೊತ್ತಾದದ್ದು ಕೊನೆಗೆ. ಅಂಥ ಧಣಿ ಒಂದು ಸಂಜೆ ನನ್ನನ್ನು ಗ್ಯಾರೇಜಿಗೆ ಕರೆಸಿದ. ಟೈರಿನ ಮೇಲೆ ಕೂತು ಬೀಸಣಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

"ಏನಪಾ, ಆ ಚಾಚಾ ನಮ್ಮ ಗೌಡಗ ದಿನಾ ಬಾಯಿಗೆ ಬಂದಂಗ ಬೈತಾನಂತ?"

"ನಮ್ಮ ಗೌಡನೂ ಬಿಡಂಗಿಲ್ರಿ."

"ಬಿಡಬಾರದು. ನನ್ನ ಸಲುವಾಗಿ ಅಷ್ಟು ಮಂದ್ಯಾಗ ಬೈಸಿಕೊಂತಾನ ಅಂದ್ರ ಏನು ಸಾಧಾರಣ ಮಾತಾ?" ಅವನ ದನಿ ನಿಜಕ್ಕೂ ನಡುಗಿತು. ಅಥವಾ ಬೀಸಣಿಕೆ ಗಾಳಿಗೆ ನಡುಗಿದಂತೆ ಕೇಳಿತು.

ಆಮೇಲೆ ವಿಷಯ ಹೇಳಿದ. ಯಾರದೋ ಮದುವೆಯಲ್ಲಿ ಧಣಿಯೂ ಸಾಹುಕಾರನೂ ಎದುರಾಗಿದ್ದಾರೆ. ನಿನ್ನ ಡ್ರೈವರ್ ಪುಂಡ ಎಂದು ಇವನು, ನಿನ್ನವನೇ ಪುಂಡ ಎಂದು ಅವನು. ಊಟ ಆರುತ್ತದೆಂದು ಹಿರಿಯರು ನಡುವೆ ಬಂದು ಒಂದು ತೀರ್ಮಾನ ಕೊಟ್ಟಿದ್ದಾರೆ. ಬರುವ ಸಂತೆಯ ದಿನ ಮಾಲಕರಿಬ್ಬರೂ ಹೇಳದೆ ಕೇಳದೆ ಸಿರುಗುಪ್ಪ ಸ್ಟ್ಯಾಂಡಿಗೆ ಬಂದು ಮರೆಯಲ್ಲಿ ಕೂಡಬೇಕು. ಜಗಳ ಯಾವ ಡ್ರೈವರು ಶುರು ಮಾಡುತ್ತಾನೋ ಅವನನ್ನು ಅವನ ಮಾಲಕ ಅವತ್ತೇ ಕೆಲಸದಿಂದ ತೆಗೆಯಬೇಕು. ಜಿಲ್ಲೆಯಲ್ಲಿ ಬೇರೆ ಬಸ್ಸಿನವರೂ ಅವನನ್ನು ತೆಗೆದುಕೊಳ್ಳಬಾರದು.

"ನಮ್ಮ ಗೌಡ ಶುರು ಮಾಡೋ ಪೈಕಿ ಅಲ್ಲ, ನನಗ ಗೊತ್ತೈತಿ," ಎಂದ ಧಣಿ. "ಈ ಮಾತು ನಿನ್ನ ಹೊಟ್ಟ್ಯಾಗ ಇರ್ಲಿ. ಅವತ್ತು ಜಗಳನ ಆಗ್ಲಿಲ್ಲ ಅಂದ್ರ, ನೀ ಬಾಯಿ ಬಿಟ್ಟೀ ಅಂತ ನನಗ ತಿಳೀತೈತಿ. ನೀನೂ ಗೌಡನೂ ಇಬ್ಬರೂ ಮನಿಗೆ ಹೋಗ್ರಿ."

ಸ್ವಲ್ಪ ಕಳಪೆಯಾಗಿ ಬೈದಿದ್ದರೆ ಇದು ಬರುತ್ತಿರಲಿಲ್ಲ. ನಾವು ಜಗಳವನ್ನು ಅತಿ ಚೆನ್ನಾಗಿ ಆಡಿಬಿಟ್ಟಿದ್ದೆವು.

ಮರುದಿನ ಹೋಟೆಲಿನಲ್ಲಿ ಚಹಾ ಸೋಸುವುದರೊಳಗೆ ಮಾತು ನನ್ನ ಹೊಟ್ಟೆಯಿಂದ ಹೊರಗೆ ಬಂತು. ಕ್ಯಾರಿಯರ್ ನೆನಪಾಗಲಿಲ್ಲವೇ ಎಂದರೆ ಆಯಿತು, ಹೇಳುವಾಗಲೂ ಅದೇ ಕಣ್ಣ ಮುಂದೆ ಇತ್ತು. ಆದರೂ ಹೇಳಿದೆ. ಎದುರಿಗೆ ಕೂತು ಮಿರ್ಚಿ ಮುರಿಯುತ್ತಿರುವವರಲ್ಲಿ ಒಬ್ಬ ಇನ್ನೊಂದು ವಾರಕ್ಕೆ ಅಲ್ಲಿರುವುದಿಲ್ಲ ಎಂದು ಗೊತ್ತಿದ್ದೂ ನಾನು ಹೇಗೆ ಚಹಾ ಕುಡಿಯಲಿ? ಇಲ್ಲೊಂದು ತಕರಾರಿದೆ. ನೀಲಿ ಬಸ್ಸಿನ ಕಂಡಕ್ಟರು, ಎಷ್ಟೋ ವರ್ಷದ ಮೇಲೆ ಬಳ್ಳಾರಿಯಲ್ಲಿ ಸಿಕ್ಕಾಗ, ಮೊದಲು ಹೇಳಿದವನು ತಾನೇ ಎಂದು ಹಟ ಹಿಡಿದ. ಅವನ ಸಾಹುಕಾರನೂ ಅವನಿಗೆ ಇದೇ ಮಾತು ಹೇಳಿ, ಹೊಟ್ಟೆಯಲ್ಲಿ ಇಟ್ಟುಕೋ ಎಂದಿದ್ದನಂತೆ. ಇಬ್ಬರೂ ಒಟ್ಟಿಗೆ ಹೇಳಿರಬೇಕು, ಬಿಡಿ.

ಗೌಡ ಮತ್ತು ಚಾಚಾ ಬೆರಳು ಮಡಚಿ ಸರದಿ ಎಣಿಸಿದರು. ಸರದಿಯ ಪ್ರಕಾರ ಸಂತೆಯ ದಿನ ಹಿಂದೆ ಬರಬೇಕಾದವನು ಚಾಚಾ. ಹಿಂದೆ ಬಂದವನೇ ಶುರು ಮಾಡಬೇಕು. ಅಂದರೆ ಹೋಗುವವನು ಚಾಚಾ.

"ಸರಿ," ಎಂದ ಚಾಚಾ. "ನಾ ಹಿಂದ ಬರ್ತೀನಿ. ಬೈತೀನಿ. ಮುಗೀತು."

"ನೀ ಹೆಂಗ ಬರ್ತಿ? ಅವತ್ತು ಹಿಂದ ಬರೋ ಸರದಿ ನನ್ನದು."

"ನಿನ್ನದು ನಿನ್ನೆ ಆತು."

"ನಡುವ ಒಂದಿನ ನಿನ್ನ ಆಕ್ಸಲ್ ಮುರಿದು ನೀ ಬರಲಿಲ್ಲ. ಅದನ್ನ ಹಿಡದ್ರ ನನ್ನದು."

"ಮುರಿದಿದ್ದು ಲೆಕ್ಕಕ್ಕ ಹಿಡಿಯಂಗಿಲ್ಲೋ ಮಾರಾಯಾ! ನಿನಗ ಸಣ್ಣ ಮಕ್ಕಳು ಅದಾವ."

"ನಿನಗೇನು ಇಲ್ಲೇನು? ನನಗ ಹೊಲ ಐತಿ ಚಾಚಾ. ಕಾಲುವಿ ನೀರು ಬರ್ತೈತಿ. ಭತ್ತ ಹಚ್ಚಿಕೊಂಡು ಉಣ್ತೀನಿ."

"ನನ್ನ ತಮ್ಮನ ಲಾರಿ ಐತಿ. ಅದಿರು ಹೊಡಕೊಂಡು ರಾಜಾನಂಗ ಇರ್ತೀನಿ."

ಯಕ್ಕ ಜರಡಿ ಹಿಡಿದೇ ಹೊರಗೆ ಬಂದಳು. "ನಿನ್ನ ಹೊಲ ದಿಬ್ಬದ ಮ್ಯಾಗ ಐತಿ, ಕಾಲುವಿ ನೀರು ಏಣಿ ಹಚ್ಚಿ ಏರಬೇಕು. ಇವನ ತಮ್ಮನ ಲಾರ್ಯಾಗ ಬೆಕ್ಕು ಮರಿ ಹಾಕಿ ಎಷ್ಟು ದಿನ ಆತು. ಸುಳ್ಳು ಹೇಳಾದಿದ್ರ ನಾ ಇಲ್ದಾಗ ಹೇಳ್ರಿ."

ನಗಬೇಕಾದ ಮಾತು. ಅವತ್ತು ಯಾರೂ ನಗಲಿಲ್ಲ. ಇಬ್ಬರ ದನಿಯೂ ಏರಿತು. ಎಷ್ಟೋ ವರ್ಷ ಸ್ಟ್ಯಾಂಡಿನಲ್ಲಿ ಗಂಟಲು ಹರಿಯುವಂತೆ ಕೂಗಿದವರು, ಮೊದಲ ಸಲ ನಿಜವಾಗಿ ಜಗಳವಾಡುವಾಗ ದನಿ ಬೇರೆಯೇ ಇತ್ತು. ಗಿಡ್ಡ, ಒರಟು, ಒಂದೂ ಚಂದದ ಮಾತಿಲ್ಲ. "ನಾ ಹಿಂದ ಬರ್ತೀನಿ." "ನಾ ಬರ್ತೀನಿ." "ಹೆಂಗ ಬರ್ತಿ ನೋಡ್ತೀನಿ." "ನೋಡು." ಚಹಾ ಹಾಗೇ ಬಿಟ್ಟು ಇಬ್ಬರೂ ತಮ್ಮ ತಮ್ಮ ಬಸ್ಸಿಗೆ ಹತ್ತಿದರು. ಅದರ ಮುಂದಿನ ದಿನಗಳಲ್ಲಿ ಹೋಟೆಲಿಗೂ ನಿಲ್ಲಲಿಲ್ಲ. ಸ್ಟ್ಯಾಂಡಿನಲ್ಲಿ ಮಾತ್ರ ಸರದಿಯಂತೆ ಬೈದುಕೊಂಡರು. ಮುದುಕನಿಗೆ ಏನೋ ರುಚಿ ಕೆಟ್ಟಂತೆ ಅನ್ನಿಸಿರಬೇಕು, ಎಲೆ ಅಡಿಕೆ ಉಗುಳಿ ಬೇಗ ಎದ್ದು ಹೋದ.

ಸಂತೆಯ ದಿನ ಬಂತು.

ಬಳ್ಳಾರಿಯಿಂದ ಎಂದಿನಂತೆ ಹಸಿರು ಮೊದಲು ಹೊರಟಿತು. ಊರು ದಾಟಿದೊಡನೆ ಗೌಡ ಗಾಡಿಯನ್ನು ಎಷ್ಟು ನಿಧಾನ ಮಾಡಿದನೆಂದರೆ ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಕಿಟಕಿಯಲ್ಲಿದ್ದ ತನ್ನ ಬೀಗರ ಜೊತೆ ಮನೆಯ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸಿ, "ನಾ ಮುಂದ ಹೋಗಿರ್ತೀನಿ, ನೀವು ಬರ್ರಿ," ಎಂದು ಹೊರಟು ಹೋದ. ಹಿಂದೆ ನೀಲಿ ಬಸ್ಸು ಕಂಡಿತು. ಅದು ದಾಟಲಿ ಎಂದು ಗೌಡ ಕಿಟಕಿಯಿಂದ ಕೈ ಬೀಸಿದ. ನೀಲಿ ಬಸ್ಸು ದಾಟಲಿಲ್ಲ. ನಮಗಿಂತ ನಿಧಾನವಾಯಿತು.

ಕುರುಗೋಡಿನಲ್ಲಿ ಗೌಡ ಇಳಿದು ಎಲ್ಲ ಟೈರುಗಳನ್ನೂ ಒದ್ದು ನೋಡಿದ. ಚಾಚಾ ಹಿಂದೆ ಬಂದು ನಿಂತು, ಪಂಕ್ಚರಾಗದ ಗಾಲಿಯನ್ನು ಬಿಚ್ಚತೊಡಗಿದ. ಗೌಡ ರೇಡಿಯೇಟರಿಗೆ ನೀರು ಎಂದ. ಅದಕ್ಕೆ ಬೆಳಗ್ಗೆಯೇ ನೀರು ತುಂಬಿಸಿಯಾಗಿತ್ತು, ಹಾಕಿದ್ದೆಲ್ಲ ಹೊರಗೆ ಚೆಲ್ಲಿತು.

"ಯಾಕೋ ಗೌಡಾ, ಸಂತಿ ಮುಗಿಸೇ ಹೋಗಾದೇನು?" ಬದನೆಕಾಯಿ ಬುಟ್ಟಿಯವಳೊಬ್ಬಳು ಕೂಗಿದಳು. "ನನ್ನ ಕಾಯಿ ಬಾಡಾಕತ್ಯಾವು!"

"ಹಿಂದಿನ ಬಸ್ಸು ಹೋಗ್ಲಿ ತಡಿ ಯವ್ವಾ. ಚಾಚಾ ಹಿರಿಯ ಮನಿಷಾ."

"ಅಲ್ಲಿ ಅವರೂ ಹಂಗ ಅಂತಾರ! ಕಿರಿಯರು ಮುಂದ ಹೋಗ್ಲಿ ಅಂತ!"

ಎರಡು ಬಸ್ಸಿನ ಜನಕ್ಕೂ ತಲೆ ಕೆಟ್ಟಿತು. ವರ್ಷಗಟ್ಟಲೆ ನಮ್ಮ ಬಸ್ಸು ಮುಂದೆ, ನಮ್ಮ ಬಸ್ಸು ಮುಂದೆ ಎಂದು ಪಕ್ಷ ಕಟ್ಟಿದವರು ಈಗ ತಮ್ಮ ಡ್ರೈವರನನ್ನೇ ಬಯ್ಯತೊಡಗಿದರು. ಭತ್ತದ ಚೀಲ ಹೇರಿದ ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿತು. ಗಾಡಿಯವನು ಹೊರಳಿ, "ಎತ್ತು ಬೇಕೇನ್ರೀ?" ಎಂದ. ಕೆಲವರು ಇಳಿದು ನಡೆದೇ ಹೊರಟರು, ಸ್ವಲ್ಪ ದೂರ ಹೋಗಿ ನಾವು ಅವರನ್ನು ಹಿಡಿದಾಗ ಮತ್ತೆ ಹತ್ತಿದರು, ಮತ್ತೆ ಇಳಿದರು. ನಾನು ಗೌಡನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ, ಧಣಿ ಅಲ್ಲಿ ಬಿಸಿಲಿನಲ್ಲಿ ಕಾಯುತ್ತಿದ್ದಾನೆ ಎಂದು. "ಕಾಯ್ಲಿ," ಎಂದ. ಅವನ ಬಾಯಿಂದ ಧಣಿಯ ಬಗ್ಗೆ ಅಂಥ ಮಾತು ಕೇಳಿದ್ದು ಅದೊಂದೇ ಸಲ.

ಸಿರುಗುಪ್ಪ ಹತ್ತಿರ ಬಂದು ಕುದಿಸಿದ ಭತ್ತದ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಹೊತ್ತು ಇಳಿಯತೊಡಗಿತ್ತು. ಅಕ್ಕಿ ಗಿರಣಿಗಳ ಮುಂದೆ ರಸ್ತೆ ಅಗಲ. ಅಲ್ಲಿ ಎರಡೂ ಬಸ್ಸು ಪಕ್ಕಪಕ್ಕ ನಿಂತವು, ಯಾವುದೂ ಮುಂದೆ ಹೋಗದು. ನಾನೂ ನೀಲಿ ಕಂಡಕ್ಟರನೂ ಕಣ್ಣಲ್ಲೇ ಮಾತಾಡಿಕೊಂಡು ಒಟ್ಟಿಗೇ ಸೀಟಿ ಊದಿದೆವು. ಎರಡೂ ಬಸ್ಸು ಮದುಮಕ್ಕಳಂತೆ ಜೋಡಿಯಾಗಿ, ಅಂಗುಲ ಅಂಗುಲ, ಸ್ಟ್ಯಾಂಡಿನೊಳಗೆ ಬಂದವು. ತಾನೇ ಮೊದಲು ಬಯ್ಯಬೇಕೆಂದು ಇಬ್ಬರು ಡ್ರೈವರುಗಳೂ ಬಾಗಿಲು ಹಿಡಿದು ಜಿಗಿಯಲು ಸಿದ್ಧ.

ಆದರೆ ನಮ್ಮನ್ನು ನೋಡುವವರೇ ಇಲ್ಲ. ಇಡೀ ಸ್ಟ್ಯಾಂಡು ಪಂಕ್ಚರ್ ಅಂಗಡಿಯ ಸುತ್ತ ಮುತ್ತಿಕೊಂಡಿತ್ತು. ಒಳಗಿನಿಂದ ಕೂಗಾಟ.

ಧಣಿಯೂ ಸಾಹುಕಾರನೂ ಬೆಳಗಿನಿಂದ ಅಲ್ಲಿ ಟೈರುಗಳ ಮರೆಯಲ್ಲಿ ಅವಿತು ಕೂತಿದ್ದರಂತೆ. ಮೊದಲು ಒಬ್ಬರಿಗೊಬ್ಬರು ಸೋಡಾ ತರಿಸಿಕೊಟ್ಟರು. ಬಸ್ಸು ಬರಲಿಲ್ಲ. ಬಿಸಿಲು ಏರಿತು. ಬಸ್ಸು ಬರಲಿಲ್ಲ. ಯಾರ ಬಸ್ಸಿನಿಂದ ತಡವಾಯಿತು ಎಂಬ ಮಾತು ಹುಟ್ಟಿತು.

"ನಿನ್ನ ಡಬ್ಬಿ ದಾರ್ಯಾಗ ಬಿದ್ದು ನನ್ನ ಬಸ್ಸಿಗೆ ಅಡ್ಡ ಆಗೇತಿ!"

"ನಿನ್ನ ಚಾಚಾ ಬೇಕಂತ ತಡದಾನ! ನಿನ್ನ ಬುದ್ಧಿ ನಿಮ್ಮ ಅಜ್ಜನ ಕಾಲದಿಂದ ಗೊತ್ತೈತಿ!"

ಅಜ್ಜನಿಂದ ಅಜ್ಜಿಗೆ ಹೋಗಲು ಹೊತ್ತಾಗಲಿಲ್ಲ. ನಾವು ಜನರನ್ನು ಸರಿಸಿಕೊಂಡು ಒಳಗೆ ಹೋಗುವಾಗ ಸಾಹುಕಾರ ಧಣಿಯ ಅಜ್ಜಿಯ ಬಗ್ಗೆ ಬರೆಯಲಾರದ ಮಾತೊಂದನ್ನು ಆಡಿದ್ದ, ಧಣಿ ಅದಕ್ಕಿಂತ ಬರೆಯಲಾರದ್ದೊಂದನ್ನು ಹುಡುಕುತ್ತಿದ್ದ. ಗೌಡ ಹೋಗಿ ಒಬ್ಬರ ಸೊಂಟ ಹಿಡಿದ, ಚಾಚಾ ಇನ್ನೊಬ್ಬರದು. ತಮ್ಮ ಮಾಲಕನನ್ನೋ ಎದುರು ಮಾಲಕನನ್ನೋ, ನನಗೆ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ.

"ಧಣೇರ, ಅಜ್ಜಿ ಸುದ್ದಿ ಬ್ಯಾಡ್ರಿ," ಎಂದ ಗೌಡ, ನಿಜವಾಗಿಯೂ ಗಾಬರಿಯಾಗಿ. "ಈ ಸ್ಟ್ಯಾಂಡಿನಾಗ ಅದು ನಡೆಯಂಗಿಲ್ರಿ."

"ಹೌದ್ರಿ ಸಾಹುಕಾರ್ರೇ," ಎಂದ ಚಾಚಾ, "ಬಸ್ಸಿಗೆ ಬೈರಿ ಬೇಕಾದ್ರ. ಹಾರನ್ನಿಗೆ ಬೈರಿ. ಹೆಣ್ಮಕ್ಕಳು ನಿಂತಾರ."

ಬೇವಿನ ಕಟ್ಟೆಯ ಮುದುಕ ಕಿವಿ ಮುಚ್ಚಿಕೊಂಡು ಎದ್ದು, "ವೀಳ್ಳಕಿ ತಿಟ್ಟಡಂ ರಾದು," ಎಂದ. ಇವರಿಗೆ ಬಯ್ಯಲು ಬರುವುದಿಲ್ಲ. ಅರ್ಥವಾದವರೆಲ್ಲ ನಕ್ಕರು, ಅಂದರೆ ಎಲ್ಲರೂ. ಯಾರೋ ಹಿಂದಿನಿಂದ ಕೇಳಿದರು, "ಶುರು ಮಾಡಿದವರನ್ನ ಕೆಲಸದಿಂದ ತಗೀತಾರಂತಲ್ಲ? ಇವರನ್ನ ಯಾರು ತಗೀಬೇಕಪಾ?" ಮದುವೆಯ ತೀರ್ಮಾನ ಸ್ಟ್ಯಾಂಡಿಗೆ ಹೇಗೆ ತಿಳಿಯಿತೋ. ಯಕ್ಕನಿಗೊಬ್ಬ ತಂಗಿ ಇದ್ದಳಲ್ಲ.

ಸಾಹುಕಾರ ಪಂಚೆ ಕಟ್ಟಿಕೊಂಡು ತನ್ನ ಜೀಪಿನಲ್ಲಿ ಹೊರಟು ಹೋದ. ಧಣಿ ನಮ್ಮ ಬಸ್ಸಿಗೇ ಹತ್ತಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತ. ಕಾಲುವೆ ಬಂದಾಗ ಗೌಡನ ಕಾಲು ಅಭ್ಯಾಸದಂತೆ ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಂತ ಮೇಲೆ ಅವನಿಗೆ ಧಣಿ ಪಕ್ಕದಲ್ಲಿರುವುದು ನೆನಪಾಗಿರಬೇಕು. ಆದರೆ ಧಣಿ ಆಗಲೇ ಇಳಿಯುತ್ತಿದ್ದ.

ಯಕ್ಕನಿಗೆ ಅವನು ಯಾರೆಂದು ಗೊತ್ತಿಲ್ಲ. ಬಸ್ಸು ನಿಂತದ್ದೇ ಅವಳಿಗೆ ಸಂತೋಷ. ಅದೇ ದೊಡ್ಡ ತಾಟು, ಅಷ್ಟೇ ಒಗ್ಗರಣೆ, ಅಷ್ಟೇ ಮಿರ್ಚಿ ತಂದು ಬೆಂಚಿನ ನಡುವೆ ಇಟ್ಟಳು. ಹಿಂದೆಯೇ ನೀಲಿ ಬಸ್ಸು ಬಂದು ನಿಂತಿತು. ಧಣಿಯನ್ನು ಕಂಡ ಚಾಚಾ ಸೀಟಿನಿಂದ ಏಳಲಿಲ್ಲ, ಸ್ಟೇರಿಂಗ್ ಹಿಡಿದು ಆಕಾಶ ನೋಡುತ್ತ ಕೂತ.

ಧಣಿ ತಾಟನ್ನು ನೋಡಿದ. ನೀಲಿ ಬಸ್ಸನ್ನು ನೋಡಿದ. ಮತ್ತೆ ತಾಟನ್ನು ನೋಡಿದ.

"ಅವನ್ನೂ ಕರಿ," ಎಂದ ನನಗೆ. "ಇಷ್ಟೆಲ್ಲ ನಾವಷ್ಟ ತಿನ್ನಾಕ ಆಗಂಗಿಲ್ಲ."

ಚಾಚಾ ಬಂದು ಬೆಂಚಿನ ತುದಿಗೆ ಕೂತ. ನೀಲಿ ಕಂಡಕ್ಟರನೂ ಬಂದ. ಎಲ್ಲರೂ ಅದೇ ತಾಟಿಗೆ ಕೈ ಹಾಕಿದೆವು. ಧಣಿ ಒಂದು ಮಿರ್ಚಿ ಮುರಿದು ಕೇಳಿದ:

"ಬಸ್ಸು ಯಾಕ ತಡಾ ಆತು?"

"ಇಂಜಿನ್ ಕಾದಿತ್ರಿ," ಎಂದ ಗೌಡ.

"ಎರಡೂ ಬಸ್ಸಿಂದೂ?"

ಚಾಚಾ ಗಡ್ಡಕ್ಕಂಟಿದ ಮಂಡಾಳನ್ನು ಒರೆಸಿಕೊಂಡು ಹೇಳಿದ, "ಬಿಸಿಲು ಎರಡಕ್ಕೂ ಒಂದೇ ಅಲ್ರೀ ಧಣೇರ."

ಧಣಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂತು. ಯಕ್ಕ ಓಡಿ ಬಂದು ನೀರು ಕೊಟ್ಟು, "ಈ ಸಲದ ಮೆಣಸಿನಕಾಯಿ ಭಾಳ ಖಾರ ಅದಾವ್ರಿ," ಎಂದಳು. ಅವನು ಕಣ್ಣೊರೆಸಿಕೊಂಡು, ಇನ್ನೊಂದು ಮಿರ್ಚಿ ತೆಗೆದುಕೊಂಡ.

ಯಾರ ಕೆಲಸವೂ ಹೋಗಲಿಲ್ಲ. ಒಬ್ಬರು ತೆಗೆದರೆ ತಪ್ಪು ತಮ್ಮದೆಂದು ಒಪ್ಪಿದಂತಾಗುತ್ತದೆ ಎಂದು ಇಬ್ಬರು ಮಾಲಕರೂ ಸುಮ್ಮನಾದರು ಎಂದು ಬಜಾರದಲ್ಲಿ ಹೇಳುತ್ತಿದ್ದರು. ಮರುದಿನ ಸರದಿಯಂತೆ ಓಡಿದೆವು, ಸರದಿಯಂತೆ ಬೈದುಕೊಂಡೆವು. ಧಣಿ ಆ ವಿಷಯವನ್ನು ನನ್ನೊಡನೆ ಮತ್ತೆಂದೂ ಎತ್ತಲಿಲ್ಲ. ಆಮೇಲೆ ನಾನು ಪರೀಕ್ಷೆ ಕಟ್ಟಿ ಪಾಸಾಗಿ ಬೇರೆ ಕೆಲಸಕ್ಕೆ ಹೋದೆ.

ಎಂಬತ್ತರ ದಶಕದಲ್ಲಿ ಒಮ್ಮೆ ಕುರುಗೋಡಿಗೆ ಹೋಗಿ ಗೌಡನನ್ನು ಕೇಳಿದೆ. ಅವತ್ತು ನೀವಿಬ್ಬರೂ ಒಬ್ಬರಿಗಾಗಿ ಒಬ್ಬರು ಹಟ ಹಿಡಿದು ಹಿಂದೆ ಉಳಿದಿರೋ, ಅಥವಾ ಮಾಲಕರನ್ನು ಬಿಸಿಲಿಗೆ ಕೂಡಿಸಿ ಜಗಳ ಹತ್ತಿಸೋಣ ಎಂದು ನನಗೆ ಗೊತ್ತಿಲ್ಲದಂತೆ ಮೊದಲೇ ಮಾತಾಡಿಕೊಂಡಿದ್ದಿರೋ? "ಚಾಚಾನ್ನ ಕೇಳು," ಎಂದ. ಬಳ್ಳಾರಿಗೆ ಬಂದು ಚಾಚಾನನ್ನು ಕೇಳಿದೆ. "ಗೌಡನ್ನ ಕೇಳು," ಎಂದ. ಇಬ್ಬರೂ ನಗುತ್ತಲೇ ಹೇಳಿದರು, ಇಬ್ಬರದೂ ಒಂದೇ ನಗು. ಅದರಿಂದ ಏನನ್ನಾದರೂ ತಿಳಿಯಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಈಗ ಕೇಳಲು ಇಬ್ಬರೂ ಇಲ್ಲ, ಧಣಿಯೂ ಇಲ್ಲ. ಅವರು ಮಾತಾಡಿಕೊಂಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಧಣಿಗೆ ಎಷ್ಟು ತಿಳಿದಿತ್ತು ಎಂಬುದೂ ಗೊತ್ತಿಲ್ಲ.